ತುಡುವೆ ರಾಣಿಗೆ ಬಣ್ಣದ ಗುರುತು: ಮಲೆನಾಡಿನ ಹಿತ್ತಲ ಜೇನುಪೆಟ್ಟಿಗೆಗೆ ಸಮಗ್ರ ಮಾರ್ಗದರ್ಶಿ

ಹಿತ್ತಲಲ್ಲಿ ಎರಡೇ ಪೆಟ್ಟಿಗೆ ಜೇನು ಇಟ್ಟುಕೊಂಡವರಿಗೂ ಒಂದಲ್ಲ ಒಂದು ದಿನ ಈ ಪ್ರಶ್ನೆಗಳು ಏಳುತ್ತವೆ. ಒಳಗಿರುವ ರಾಣಿ ಕಳೆದ ವರ್ಷದ್ದೇನಾ, ಇಲ್ಲಾ ನಮಗೆ ಗೊತ್ತಾಗದ ಹಾಗೆ ಬದಲಾಗಿದೆಯಾ? ಮೊಟ್ಟೆ ಕಡಿಮೆಯಾಗಿದೆಯಲ್ಲ, ರಾಣಿಗೆ ವಯಸ್ಸಾಯಿತೋ, ಹೊರಗೆ ಹೂವಿಲ್ಲವೋ? ಪೇರಳೆ ಮರಕ್ಕೆ ಬಂದು ಕೂತ ಹಿಂಡು ನಮ್ಮದೋ, ಪಕ್ಕದ ತೋಟದ್ದೋ? ರಾಣಿಯ ಬೆನ್ನ ಮೇಲೆ ಒಂದು ಚುಕ್ಕೆ ಬಣ್ಣ ಇದ್ದರೆ ಇವಕ್ಕೆಲ್ಲ ಊಹೆ ಮಾಡುತ್ತ ಕೂರಬೇಕಾಗಿಲ್ಲ.

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ನಾವು ಮನೆ ಹತ್ತಿರ ಸಾಕುವುದು ಹೆಚ್ಚಾಗಿ ತುಡುವೆ, ಅಂದರೆ ನಮ್ಮ ನಾಡಿನದೇ ಸಣ್ಣ ಜೇನುನೊಣ. ಆದರೆ ರಾಣಿಗೆ ಗುರುತು ಹಾಕುವ ವಿಡಿಯೊಗಳಲ್ಲಿ ಕಾಣುವುದು ಬಹುಪಾಲು ಮೆಲ್ಲಿಫೆರಾ ಅನ್ನುವ ಯುರೋಪಿನ ಜೇನು. ಅದು ದೊಡ್ಡ ನೊಣ, ಎರಿ (ನೊಣಗಳು ಕಟ್ಟುವ ಮೇಣದ ತಟ್ಟೆ) ಎತ್ತಿದರೂ ನಿಂತಲ್ಲೇ ನಿಂತು ತನ್ನ ಕೆಲಸ ನೋಡಿಕೊಳ್ಳುತ್ತದೆ. ತುಡುವೆ ಹಾಗಲ್ಲ. ಎರಿ ಎತ್ತಿದ ಕೂಡಲೇ ಓಡಾಡಲು ಶುರು ಮಾಡುತ್ತದೆ, ಕೆಳಗಿನ ಅಂಚಿಗೆ ಹೋಗಿ ಗೊಂಚಲು ಕಟ್ಟುತ್ತದೆ, ಅದರ ಜೊತೆ ರಾಣಿಯೂ ಓಡುತ್ತದೆ. ಕಾಟ ಜಾಸ್ತಿಯಾದರೆ ಪೆಟ್ಟಿಗೆಯನ್ನೇ ಬಿಟ್ಟು ಹೋಗುತ್ತದೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ ತುಡುವೆಯ ಲೆಕ್ಕದಲ್ಲೇ. ನನ್ನ ಪ್ರಕಾರ ಈ ಕೆಲಸದಲ್ಲಿ ಬಣ್ಣ ಹಚ್ಚುವ ಕೈಚಳಕ ಸಣ್ಣ ಭಾಗ. ಯಾವ ದಿನ ಪೆಟ್ಟಿಗೆ ತೆರೆಯಬೇಕು, ಯಾವಾಗ ಸುಮ್ನೆ ಮುಚ್ಚಿ ಬರಬೇಕು ಅನ್ನುವ ತಿಳಿವಳಿಕೆಯೇ ದೊಡ್ಡದು.

ಯಾವ ಕಾಲ, ಯಾವ ಹೊತ್ತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯೋಚನೆಯೇ ಬೇಡ. ಮಳೆ ಹಿಡಿದು ಸುರಿಯುವಾಗ ನೊಣಗಳಿಗೆ ಹೊರಗೆ ಹೋಗಲು ಆಗುವುದಿಲ್ಲ, ಒಳಗೆ ತುಪ್ಪದ ದಾಸ್ತಾನು ಕರಗುತ್ತಿರುತ್ತದೆ, ರಾಣಿಯೂ ಮೊಟ್ಟೆ ಇಡುವುದನ್ನು ತಗ್ಗಿಸಿರುತ್ತದೆ. ಆಗ ಪೆಟ್ಟಿಗೆ ಬಿಚ್ಚಿಕೊಂಡು ಕೂತರೆ, ಕುಟುಂಬ ಪರಾರಿಯಾಗಲು ನಾವೇ ಕಾರಣ ಕೊಟ್ಟಂತೆ.

ಒಳ್ಳೆಯ ಕಾಲ ದಸರಾ ಕಳೆದು ದೀಪಾವಳಿಯ ಆಸುಪಾಸು. ಮಳೆ ಬಿಟ್ಟಿರುತ್ತದೆ. ಕಾಲಿಗೆ ಪರಾಗ ಮೆತ್ತಿಕೊಂಡ ನೊಣಗಳು ಬಾಗಿಲಲ್ಲಿ ಕಾಣತೊಡಗುತ್ತವೆ. ಕುಟುಂಬ ಇನ್ನೂ ದೊಡ್ಡದಾಗಿರುವುದಿಲ್ಲ, ನಾಲ್ಕೈದು ಎರಿಗಳಲ್ಲಿ ನೊಣ ಇರುವಾಗ ರಾಣಿಯನ್ನು ಹುಡುಕುವುದು ಸುಲಭ. ಇನ್ನೊಂದು ಲಾಭವೂ ಇದೆ. ನಮ್ಮ ಕಡೆ ನವೆಂಬರ್‌ನಿಂದ ಫೆಬ್ರವರಿವರೆಗೆ ಕುಟುಂಬ ಪಾಲಾಗುವುದು, ಅಂದರೆ ಅರ್ಧ ನೊಣಗಳು ಒಂದು ರಾಣಿಯ ಜೊತೆ ಬೇರೆ ಮನೆ ಹುಡುಕಿ ಹೋಗುವುದು, ಜೋರು. ಅದಕ್ಕೆ ಮೊದಲೇ ಹಳೇ ರಾಣಿಗೆ ಗುರುತು ಬಿದ್ದಿದ್ದರೆ, ಆಮೇಲೆ ಯಾರು ಹೋದರು, ಯಾರು ಉಳಿದರು ಎಂದು ತಿಳಿಯುತ್ತದೆ. ಪಾಲಾದ ಮೇಲೆ ಹುಟ್ಟಿದ ಹೊಸ ರಾಣಿಗಳಿಗೆ ಎರಡನೇ ಸುತ್ತಿನಲ್ಲಿ ಬಣ್ಣ ಹಾಕಬಹುದು. ಮಾರ್ಚ್, ಏಪ್ರಿಲ್‌ನಲ್ಲಿ ಕಾಡು ಹೂಬಿಟ್ಟು ಪೆಟ್ಟಿಗೆ ತುಂಬಾ ನೊಣ ಇರುವಾಗ ಹುಡುಕಲು ಹೊರಟರೆ ಎರಡೂ ಕಡೆಯವರಿಗೆ ಸುಸ್ತು.

ಹೊತ್ತು ಬೆಳಿಗ್ಗೆ ಹತ್ತರಿಂದ ಹನ್ನೆರಡು. ಮಂಜು ಕರಗಿ ಬಿಸಿಲು ಬಿದ್ದಿರಬೇಕು, ಗಾಳಿ ಇರಬಾರದು. ದುಡಿಯುವ ನೊಣಗಳು ಹೊರಗೆ ಹೋಗಿರುವುದರಿಂದ ಒಳಗೆ ಗದ್ದಲ ಕಡಿಮೆ.

ಹೀಗಿದ್ದರೆ ಆ ದಿನ ಮುಟ್ಟಬೇಡಿ: ಬಾಗಿಲಲ್ಲಿ ಕಳ್ಳ ನೊಣಗಳ ಜಗಳ ನಡೆಯುತ್ತಿದ್ದರೆ, ಇರುವೆ ಮುತ್ತಿದ್ದರೆ, ಕಣಜದ ಕಾಟ ಇದ್ದರೆ, ಹಿಂದಿನ ವಾರವಷ್ಟೇ ಮರದ ಪೊಟರೆಯಿಂದಲೋ ಹುತ್ತದಿಂದಲೋ ತಂದು ಕೂರಿಸಿದ ಕುಟುಂಬವಾಗಿದ್ದರೆ. ಹೊಸದಾಗಿ ತಂದ ಕುಟುಂಬ ಮೊದಲು ಎರಿ ಕಟ್ಟಿ, ಮರಿ ಮಾಡಿ, ಆ ಮರಿಗಳ ಕಣಕ್ಕೆ (ಎರಿಯಲ್ಲಿರುವ ಸಣ್ಣ ಗೂಡಿಗೆ) ಮುಚ್ಚಳ ಹಾಕಲಿ. ಮರಿ ಇರುವ ಮನೆಯನ್ನು ತುಡುವೆ ಅಷ್ಟು ಬೇಗ ಬಿಟ್ಟು ಹೋಗುವುದಿಲ್ಲ.

ಹೊಸ ರಾಣಿಗೆ ಅವಸರ ಬೇಡ

ತುಡುವೆಯ ರಾಣಿ ಮೊಟ್ಟೆಯಿಂದ ಪೂರ್ತಿ ನೊಣವಾಗಿ ಹೊರಬರಲು 15ರಿಂದ 16 ದಿನ ಬೇಕು. ಹೊರಬಂದ ಕೆಲವು ದಿನಕ್ಕೆ ಗಂಡು ನೊಣಗಳ ಜೊತೆ ಕೂಡಲು ಹಾರಿಹೋಗಿ ಬರುತ್ತದೆ, ಆಮೇಲೆ ಮೊಟ್ಟೆ ಇಡತೊಡಗುತ್ತದೆ. ಕೂಡದ ರಾಣಿ ಸಪೂರ, ಚುರುಕು, ಕೈ ತಾಗಿದರೆ ಹಾರಿಬಿಡುತ್ತದೆ. ಅದನ್ನು ಹಿಡಿಯಲು ಹೋಗಲೇಬಾರದು.

ಎಷ್ಟು ಕಾಯಬೇಕು? ಎರಿಯೇ ಹೇಳುತ್ತದೆ. ಕಣದ ತಳದಲ್ಲಿ ಒಂದೊಂದೇ ಮೊಟ್ಟೆ ಇದೆಯಾ ನೋಡಿ. ಅಂದೇ ಇಟ್ಟ ಮೊಟ್ಟೆ ನೆಟ್ಟಗೆ ನಿಂತಿರುತ್ತದೆ, ಎರಡನೇ ದಿನ ವಾಲುತ್ತದೆ, ಮೂರನೇ ದಿನ ಮಲಗುತ್ತದೆ. ಇಷ್ಟು ಕಂಡರೂ ಸಾಲದು, ದುಡಿಮೆ ನೊಣಗಳ ಮರಿ ಇರುವ ಕಣಗಳಿಗೆ ಸಮತಟ್ಟಾದ ಮುಚ್ಚಳ ಬೀಳುವವರೆಗೆ ಕಾಯಿರಿ. ಗಂಡು ಮರಿಯ ಮುಚ್ಚಳ ಉಬ್ಬಿರುತ್ತದೆ, ತುಡುವೆಯಲ್ಲಿ ಅದರ ತುದಿಗೆ ಸೂಜಿ ಚುಚ್ಚಿದಷ್ಟು ಸಣ್ಣ ತೂತೂ ಇರುತ್ತದೆ. ಮುಚ್ಚಿದ ಕಣಗಳೆಲ್ಲ ಉಬ್ಬಿದವೇ ಆಗಿದ್ದರೆ ರಾಣಿ ಸರಿಯಾಗಿ ಕೂಡಿಲ್ಲ ಎಂದರ್ಥ, ಅಂಥದಕ್ಕೆ ಬಣ್ಣ ಹಚ್ಚಿ ಏನೂ ಪ್ರಯೋಜನವಿಲ್ಲ. ಒಟ್ಟಿನಲ್ಲಿ ರಾಣಿ ಹುಟ್ಟಿ ಒಂದು ತಿಂಗಳು ಬಿಟ್ಟು ಕೈ ಹಾಕಿದರೆ ಮೋಸವಿಲ್ಲ.

ಯಾವ ವರ್ಷಕ್ಕೆ ಯಾವ ಬಣ್ಣ

ಜಗತ್ತಿನ ಜೇನು ಸಾಕುವವರು ಒಪ್ಪಿಕೊಂಡಿರುವ ಐದು ಬಣ್ಣಗಳ ಪದ್ಧತಿಯಿದೆ. ಇಸವಿಯ ಕೊನೆಯ ಅಂಕಿ ನೋಡಬೇಕು. 1 ಅಥವಾ 6 ಇದ್ದರೆ ಬಿಳಿ, 2 ಅಥವಾ 7ಕ್ಕೆ ಹಳದಿ, 3 ಅಥವಾ 8ಕ್ಕೆ ಕೆಂಪು, 4 ಅಥವಾ 9ಕ್ಕೆ ಹಸಿರು, 5 ಅಥವಾ 0ಗೆ ನೀಲಿ. ಅಂದರೆ 2025ರ ರಾಣಿಗೆ ನೀಲಿ, 2026ಕ್ಕೆ ಬಿಳಿ, 2027ಕ್ಕೆ ಹಳದಿ, 2028ಕ್ಕೆ ಕೆಂಪು. ರಾಣಿ ಐದು ವರ್ಷ ಬಾಳುವುದು ಅಪರೂಪವಾದ್ದರಿಂದ ಒಂದೇ ಬಣ್ಣದ ಎರಡು ತಲೆಮಾರು ಒಟ್ಟಿಗೆ ಸಿಕ್ಕಿ ಗೊಂದಲವಾಗುವುದಿಲ್ಲ. ನೆನಪಿಡಲು ಸುಲಭದ ದಾರಿ: ಮೊದಲು ಬಿಳಿ, ಆಮೇಲೆ ನಮ್ಮ ಕನ್ನಡ ಬಾವುಟದ ಹಳದಿ, ಕೆಂಪು ಅದೇ ಕ್ರಮದಲ್ಲಿ, ಕೊನೆಗೆ ಹಸಿರು, ನೀಲಿ.

ಮಲೆನಾಡಿನವರಿಗೆ ಇಲ್ಲೊಂದು ತೊಡಕಿದೆ. ನಮ್ಮ ಪಾಲಾಗುವ ಕಾಲ ಡಿಸೆಂಬರ್ 31 ದಾಟಿ ಮುಂದುವರಿಯುತ್ತದೆ. ಡಿಸೆಂಬರ್‌ನಲ್ಲಿ ಹುಟ್ಟಿದ್ದಕ್ಕೆ ಒಂದು ಬಣ್ಣ, ಜನವರಿಯಲ್ಲಿ ಹುಟ್ಟಿದ ಅದರ ತಂಗಿಗೆ ಇನ್ನೊಂದು ಬಣ್ಣ. ಬರೀ ಬಣ್ಣ ನೋಡಿದರೆ ಒಂದು ವರ್ಷದ ಅಂತರ ಅನ್ನಿಸುತ್ತದೆ, ನಿಜವಾಗಿ ಕೆಲವೇ ವಾರ. ಇದಕ್ಕೆ ಕೆಲವರು ಇಡೀ ಹಂಗಾಮಿಗೆ ಒಂದೇ ಬಣ್ಣ ಬಳಸೋಣ ಅನ್ನುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಪೆಟ್ಟಿಗೆ ಕೈಬದಲಾಗುತ್ತಲೇ ಇರುತ್ತದೆ, ತೆಗೆದುಕೊಂಡವರಿಗೆ ನಮ್ಮ ಮನೆಯ ಲೆಕ್ಕ ಗೊತ್ತಿರುವುದಿಲ್ಲ. ಹುಟ್ಟಿದ ಇಸವಿಯ ಬಣ್ಣವನ್ನೇ ಹಾಕಿ, ತಿಂಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಡಿಸೆಂಬರ್‌ನಲ್ಲಿ ಹುಟ್ಟಿದ ರಾಣಿಗೆ ಜನವರಿಯಲ್ಲಿ ಬಣ್ಣ ಹಚ್ಚಿದರೂ ಹಳೇ ಇಸವಿಯ ಬಣ್ಣವೇ.

ಕಾಡಿನಿಂದ ತಂದ ಕುಟುಂಬದ ರಾಣಿಯ ವಯಸ್ಸು ಗೊತ್ತಿರುವುದಿಲ್ಲ. ಅದಕ್ಕೆ ಹಿಡಿದ ವರ್ಷದ ಬಣ್ಣ ಹಾಕಿ, ಪುಸ್ತಕದಲ್ಲಿ ಪಕ್ಕಕ್ಕೆ ‘ವಯಸ್ಸು ತಿಳಿಯದು’ ಎಂದು ಬರೆಯಿರಿ.

ಏನೇನು ಬೇಕು

ಬಣ್ಣಕ್ಕೆ ನೀರಿನಲ್ಲಿ ಕಲಸಿದ ಅಕ್ರಿಲಿಕ್ ಪೇಂಟ್ ಮಾರ್ಕರ್ ಒಳ್ಳೆಯದು. ಪೋಸ್ಕಾ ಪೆನ್ನನ್ನು ಜೇನು ಸಾಕುವವರು ಎಲ್ಲ ಕಡೆ ಬಳಸುತ್ತಾರೆ. ತುಡುವೆ ಸಣ್ಣದಾದ್ದರಿಂದ ತೆಳ್ಳಗಿನ ಮೊನೆಯದ್ದನ್ನೇ ತನ್ನಿ. ಮಾರ್ಕರ್ ಸಿಗದಿದ್ದರೆ ಅಕ್ರಿಲಿಕ್ ಬಣ್ಣದ ಸಣ್ಣ ಬಾಟಲಿ, ಮೊನೆ ಮಾಡಿದ ಒಂದು ಹಿಡಿಕಡ್ಡಿ ಸಾಕು. ಆಯಿಲ್ ಪೇಂಟ್, ಥಿನ್ನರ್ ಇರುವ ಮಾರ್ಕರ್ ಬೇಡವೇ ಬೇಡ. ನೇಲ್ ಪಾಲಿಶ್ ಬಳಸುವವರೂ ಇದ್ದಾರೆ, ಬೇಗ ಒಣಗುತ್ತದೆ ನಿಜ. ಆದರೆ ನೊಣ ಕುಟುಕುವಾಗ ಹೊಮ್ಮುವ ಎಚ್ಚರಿಕೆಯ ವಾಸನೆ ಐಸೋಅಮೈಲ್ ಅಸಿಟೇಟ್‌ನದ್ದು, ನೇಲ್ ಪಾಲಿಶ್‌ನಲ್ಲಿರುವ ದ್ರಾವಕಗಳೂ ಅದೇ ಅಸಿಟೇಟ್ ಬಳಗದವು. ಗಾಬರಿ ಬೀಳುವ ಜಾತಿಯ ಮುಂದೆ ಆ ವಾಸನೆ ಯಾಕೆ?

ಹಿಡಿಯಲು ಅಂಗಡಿಯಲ್ಲಿ ಪ್ಲಾಸ್ಟಿಕ್ ಕೊಳವೆ, ಒತ್ತುವ ಪಂಜರ, ಕ್ಲಿಪ್ ಎಲ್ಲ ಸಿಗುತ್ತವೆ. ಇವೆಲ್ಲ ಸಾಮಾನ್ಯವಾಗಿ ಮೆಲ್ಲಿಫೆರಾದ ಅಳತೆಯವು, ಕೊಳ್ಳುವ ಮೊದಲು ಕಂಡಿಯ ಅಗಲ ನೋಡಿ. ಮನೆಯಲ್ಲೇ ಮಾಡಿಕೊಳ್ಳುವುದೂ ಸುಲಭ. 20 ಮಿಲಿಲೀಟರ್‌ನ ಹೊಸ ಸಿರಿಂಜ್ ತನ್ನಿ. ಸೂಜಿ ಸಿಕ್ಕಿಸುವ ತುದಿಯನ್ನು ಪೂರ್ತಿ ಕತ್ತರಿಸಿ, ಅಂಚನ್ನು ಉಪ್ಪುಕಾಗದದಿಂದ ನಯ ಮಾಡಿ. ಆ ಬಾಯಿಗೆ ಸುಮಾರು 3 ಮಿಲಿಮೀಟರ್ ಕಣ್ಣಿನ ಮೆತ್ತಗಿನ ನೈಲಾನ್ ಬಲೆ ಬಿಗಿದು ರಬ್ಬರ್‌ಬ್ಯಾಂಡ್ ಹಾಕಿ. ಒಳಗಿನ ದಂಡದ ತಲೆಗೆ ಬೆರಳಗಲದ ಸ್ಪಂಜ್ ಅಂಟಿಸಿ. ಅಂಟಿನ ವಾಸನೆ ಪೂರ್ತಿ ಹೋಗುವವರೆಗೆ ಒಂದೆರಡು ದಿನ ಗಾಳಿಗಿಡಿ.

ಇದಲ್ಲದೆ ಮುಖಪರದೆ, ಉಳಿ, ನೀರು ಚಿಮ್ಮಿಸುವ ಸಣ್ಣ ಬಾಟಲಿ, ಒಂದು ರಾಣಿ ಪಂಜರ, ಒಂದು ಖಾಲಿ ಪೆಟ್ಟಿಗೆ, ಬಿಳಿ ಬಟ್ಟೆ. ಹೊಗೆತಿದಿಗೆ ಒಣ ಅಡಿಕೆ ಸಿಪ್ಪೆ ಚೆನ್ನಾಗಿ ಹೊಗೆಯಾಡುತ್ತದೆ, ಆದರೆ ಬಾಗಿಲಲ್ಲಿ ಒಂದೆರಡು ಸಲ ಊದಿದರೆ ಸಾಕು. ಹೊಗೆ ಜಾಸ್ತಿಯಾದರೆ ತುಡುವೆ ದಿಕ್ಕಾಪಾಲಾಗಿ ಓಡುತ್ತದೆ, ರಾಣಿ ಎಲ್ಲಿ ಅಡಗಿತು ಅಂತಲೇ ತಿಳಿಯುವುದಿಲ್ಲ. ಮೊದಲ ಸಲ ಮಾಡುವವರು ಜೊತೆಗೊಬ್ಬರನ್ನು ನಿಲ್ಲಿಸಿಕೊಳ್ಳಿ. ಕುಟುಕಿಸಿಕೊಂಡಾಗ ಉಸಿರು ಕಟ್ಟುವುದು, ಮೈಯೆಲ್ಲ ಊದುವುದು ಆದವರು ಈ ಕೆಲಸಕ್ಕೆ ಇಳಿಯಬಾರದು.

ಮೊದಲು ಗಂಡು ನೊಣದ ಮೇಲೆ ಅಭ್ಯಾಸ

ಗಂಡು ನೊಣಕ್ಕೆ ಕೊಂಡಿಯೇ ಇಲ್ಲ. ಕಪ್ಪು ಮೈ, ತಲೆ ತುಂಬಾ ಕಣ್ಣು, ನೋಡಿದರೆ ಗೊತ್ತಾಗುತ್ತದೆ. ಪಾಲಾಗುವ ಕಾಲದಲ್ಲಿ ಬೇಕಾದಷ್ಟು ಸಿಗುತ್ತವೆ. ಹತ್ತಾರು ಗಂಡು ನೊಣಗಳಿಗೆ ಚುಕ್ಕೆ ಇಟ್ಟು ಕೈ ಕುದುರಿಸಿಕೊಳ್ಳಿ. ಎಷ್ಟು ಒತ್ತಿದರೆ ಸಾಕು, ಪೆನ್ನು ಎಷ್ಟು ಬಣ್ಣ ಬಿಡುತ್ತದೆ ಅನ್ನುವುದೆಲ್ಲ ಬೆರಳಿಗೆ ತಿಳಿಯುವುದು ಹೀಗೇ. ಇದಕ್ಕೆ ರಾಣಿಯ ವರ್ಷದ ಬಣ್ಣ ಬಳಸಬೇಡಿ, ಆಮೇಲೆ ಎರಿಯ ಮೇಲೆ ಅದೇ ಬಣ್ಣ ಕಂಡು ಕಣ್ಣು ಮೋಸ ಹೋಗುತ್ತದೆ.

ಹುಡುಕುವುದು

ಮೇಲಿನ ಜೇನುಕೋಣೆ ಇದ್ದರೆ ಮೆಲ್ಲಗೆ ಎತ್ತಿ ಪಕ್ಕಕ್ಕಿಡಿ. ತುಡುವೆಗೆ ಬಳಸುವ ನ್ಯೂಟನ್ ಮಾದರಿಯ ಪೆಟ್ಟಿಗೆಯಾದರೆ ಕೆಳಗಿನ ಸಂಸಾರ ಕೋಣೆಯಲ್ಲಿ (ಮರಿ ಬೆಳೆಸುವ ಭಾಗದಲ್ಲಿ) ಏಳು ಚೌಕಟ್ಟು ಇರುತ್ತವೆ. ಅಂಚಿನ ಚೌಕಟ್ಟನ್ನು ಮೊದಲು ತೆಗೆದು, ನೋಡಿ, ಖಾಲಿ ಪೆಟ್ಟಿಗೆಯಲ್ಲಿಡಿ. ಈಗ ಉಳಿದವನ್ನು ಸರಿಸಲು ಜಾಗ ಸಿಕ್ಕಿತು. ಚೌಕಟ್ಟುಗಳನ್ನು ಒಂದಕ್ಕೊಂದು ಉಜ್ಜಿದರೆ ರಾಣಿ ನಡುವೆ ಸಿಕ್ಕಿ ಸಾಯಬಹುದು. ಹಾಗಾಗಿ ಪ್ರತಿಸಲ ಮೊದಲು ಪಕ್ಕಕ್ಕೆ ಸರಿಸಿ, ಆಮೇಲೆ ನೆಟ್ಟಗೆ ಮೇಲೆತ್ತಿ.

ರಾಣಿ ಬಹಳ ಸಲ ಸಿಗುವುದು ಹೊಸ ಮೊಟ್ಟೆ ಇರುವ ಎರಿಯಲ್ಲಿ. ಚೌಕಟ್ಟು ಎತ್ತಿದ ಕೂಡಲೇ ಅದರ ಮೇಲ್ಮೈಗಿಂತ ಮೊದಲು, ಪೆಟ್ಟಿಗೆಯಲ್ಲಿ ಉಳಿದ ಪಕ್ಕದ ಎರಿಯ ಮುಖದ ಮೇಲೆ ಕಣ್ಣಾಡಿಸಿ. ಬೆಳಕು ಬಿದ್ದಾಗ ಕತ್ತಲೆಯ ಕಡೆಗೆ ಓಡುವ ರಾಣಿ ಅಲ್ಲಿ ಕ್ಷಣ ಮಾತ್ರ ಕಾಣುತ್ತದೆ. ಆಮೇಲೆ ಕೈಯಲ್ಲಿರುವ ಎರಿಯ ಅಂಚು, ಕೆಳಗಿನ ಮೂಲೆ, ನೊಣ ಗೊಂಚಲಾಗಿರುವ ಜಾಗ ನೋಡಿ. ಚೌಕಟ್ಟನ್ನು ಸದಾ ಪೆಟ್ಟಿಗೆಯ ನೇರ ಮೇಲೇ ಹಿಡಿಯಿರಿ, ರಾಣಿ ಉದುರಿದರೂ ಒಳಗೇ ಬೀಳಲಿ.

ತುಡುವೆಯ ರಾಣಿ ದುಡಿಮೆ ನೊಣಗಳಿಗಿಂತ ಕಪ್ಪು, ಹೊಟ್ಟೆ ಉದ್ದ, ರೆಕ್ಕೆ ಹೊಟ್ಟೆಯ ಅರ್ಧಕ್ಕೇ ನಿಂತಂತೆ ಕಾಣುತ್ತದೆ. ನಡಿಗೆಯೂ ಬೇರೆ. ಬೇರೆ ನೊಣಗಳು ಸರಸರ ದಿಕ್ಕು ಬದಲಿಸುತ್ತಿದ್ದರೆ, ಇದು ಉದ್ದ ಕಾಲುಗಳನ್ನು ಅಗಲಕ್ಕೆ ಇಡುತ್ತ ಒಂದೇ ದಿಕ್ಕಿಗೆ ಹೋಗುತ್ತದೆ. ಅದು ಹೋದಲ್ಲೆಲ್ಲ ಸುತ್ತಲಿನ ನೊಣಗಳು ದಾರಿ ಬಿಡುತ್ತವೆ. ಗಂಡು ನೊಣವೂ ಕಪ್ಪೇ, ಆದರೆ ಅದರ ಹೊಟ್ಟೆ ಮೊಂಡು.

ಹತ್ತು ನಿಮಿಷ ಹುಡುಕಿ. ಸಿಗಲಿಲ್ಲವಾ, ಎಲ್ಲವನ್ನೂ ಇದ್ದ ಕ್ರಮದಲ್ಲೇ ಜೋಡಿಸಿ ಮುಚ್ಚಿಬಿಡಿ. ಇನ್ನೊಂದು ವಾರ ಬಿಟ್ಟು ನೋಡಿದರಾಯಿತು. ಎರಿ ಕೊಡವಿ, ಜಾಲರಿಯಲ್ಲಿ ಸೋಸಿ ರಾಣಿಯನ್ನು ಹುಡುಕುವ ಉಪಾಯ ಬೇರೆಯವರು ಹೇಳಬಹುದು. ಬರೀ ಒಂದು ಚುಕ್ಕೆಗಾಗಿ ತುಡುವೆಗೆ ಅಷ್ಟು ಹಿಂಸೆ ಕೊಡಬಾರದು.

ಹಿಡಿದು ಚುಕ್ಕೆ ಇಡುವುದು

ರಾಣಿ ಕಂಡಿತು. ಇನ್ನು ಅವಸರ ಬೇಡ. ಸಿರಿಂಜಿನ ದಂಡ ತೆಗೆದು, ಕೊಳವೆಯ ಹಿಂದಿನ ಬಾಯನ್ನು ರಾಣಿಯ ಮುಂದೆ ಎರಿಗೆ ತಾಗಿಸಿ ಹಿಡಿಯಿರಿ. ಹಿಂದಿನಿಂದ ಬೆರಳಿನ ನೆರಳು ಬಿದ್ದರೆ ಸಾಮಾನ್ಯವಾಗಿ ತಾನೇ ಒಳಗೆ ನಡೆಯುತ್ತದೆ. ಒಂದೆರಡು ದುಡಿಮೆ ನೊಣ ಜೊತೆಗೆ ಬಂದರೆ ಚಿಂತೆಯಿಲ್ಲ. ಬಾಯಿಗೆ ಬೆರಳು ಅಡ್ಡ ಹಿಡಿದು, ಸ್ಪಂಜಿನ ದಂಡವನ್ನು ಮೆಲ್ಲಗೆ ಒಳಗೆ ಬಿಡಿ. ಚೌಕಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಮೇಲೆ ಬಟ್ಟೆ ಮುಚ್ಚಿ. ನೀವು ನೆರಳಿಗೆ ಬನ್ನಿ, ಕೂತುಕೊಳ್ಳಿ. ಕೈ ನಡುಗದಿರಲು ಮೊಣಕೈಯನ್ನು ತೊಡೆಗೆ ಊರಿ.

ಪೆನ್ನನ್ನು ಮೊದಲು ಬೇರೆಡೆ ಅಲುಗಾಡಿಸಿ, ಒಂದು ಕಾಗದದ ಮೇಲೆ ಒತ್ತಿ ಬಣ್ಣ ಸರಿಯಾಗಿ ಬರುವಂತೆ ಮಾಡಿಕೊಳ್ಳಿ. ಇದನ್ನು ಎಂದೂ ರಾಣಿಯ ಮೇಲೆ ಹಿಡಿದು ಮಾಡಬೇಡಿ, ತೊಟ್ಟು ಬಣ್ಣ ಬಿದ್ದರೆ ಮುಗಿಯಿತು. ಈಗ ದಂಡವನ್ನು ನಿಧಾನವಾಗಿ ಮೇಲೆ ತಳ್ಳಿ. ಸ್ಪಂಜ್ ರಾಣಿಯನ್ನು ಎತ್ತಿ ಬಲೆಗೆ ಒರಗಿಸುತ್ತದೆ. ಬೆನ್ನು ಬಲೆಯ ಕಡೆ ಇರಬೇಕು, ಕಾಲು ಸ್ಪಂಜಿನ ಮೇಲೆ. ತಿರುಗಿದ್ದರೆ ದಂಡವನ್ನು ಹಿಂದೆಳೆದು ಮತ್ತೆ ಪ್ರಯತ್ನಿಸಿ. ಅಲುಗಾಡದಷ್ಟು ಮಾತ್ರ ಒತ್ತಡ, ಅದಕ್ಕಿಂತ ಹೆಚ್ಚಲ್ಲ.

ತಲೆಗೂ ಹೊಟ್ಟೆಗೂ ನಡುವೆ, ಎರಡು ರೆಕ್ಕೆಗಳ ಬುಡದ ಮಧ್ಯೆ ಉಬ್ಬಿದ ಎದೆಭಾಗವಿದೆ. ಕೂದಲು ಸವೆದು ಹೊಳೆಯುವ ಆ ಬೆನ್ನಿನ ನಟ್ಟನಡುವೆ ಒಂದೇ ಒಂದು ಚುಕ್ಕೆ. ಗಾತ್ರ ರಾಗಿಕಾಳಿನಷ್ಟು. ಪೆನ್ನಿನ ತುದಿ ತಾಗಿಸಿ ಎತ್ತಿಬಿಡಿ, ಎಳೆಯಬೇಡಿ. ರೆಕ್ಕೆಯ ಕೀಲು, ಕುತ್ತಿಗೆ, ಕಣ್ಣು, ಮೀಸೆಗೆ ಬಣ್ಣ ಹೋಗಬಾರದು. ನೊಣಗಳು ಉಸಿರಾಡುವುದು ಮೈಯ ಪಕ್ಕದಲ್ಲಿರುವ ಸಣ್ಣ ರಂಧ್ರಗಳಿಂದ, ಹಾಗಾಗಿ ಬಣ್ಣ ಪಕ್ಕಕ್ಕೆ ಇಳಿಯಲೂಬಾರದು. ಹೊಟ್ಟೆಗಂತೂ ಹಚ್ಚಲೇಬೇಡಿ.

ಅಳುಕುವವರಿಗೆ ಒಂದು ಮಾತು. ಜೇನುನೊಣಗಳ ಕುಣಿತದ ಗುಟ್ಟು ಬಿಡಿಸಿ 1973ರಲ್ಲಿ ನೊಬೆಲ್ ಪಡೆದ ಕಾರ್ಲ್ ವಾನ್ ಫ್ರಿಶ್ ಅವರು ಒಂದೊಂದು ನೊಣವನ್ನೂ ಗುರುತು ಹಿಡಿದದ್ದು ಬೆನ್ನಿಗೆ ಇಟ್ಟ ಬಣ್ಣದ ಚುಕ್ಕೆಗಳಿಂದಲೇ. ಆ ನೊಣಗಳು ಚುಕ್ಕೆ ಹೊತ್ತುಕೊಂಡೇ ಹೂವಿಗೆ ಹೋಗಿ ಬಂದು ಕುಣಿದವು.

ಚುಕ್ಕೆ ಇಟ್ಟ ಕೂಡಲೇ ದಂಡವನ್ನು ಸ್ವಲ್ಪ ಹಿಂದೆಳೆದು ರಾಣಿಗೆ ಓಡಾಡಲು ಜಾಗ ಕೊಡಿ. ಬಣ್ಣ ಒಣಗಲು ಎರಡು ನಿಮಿಷ ಬಿಡಿ, ತೇವವಿರುವ ಗಾಳಿಯಲ್ಲಿ ಇನ್ನೂ ಸ್ವಲ್ಪ ಹೊತ್ತು. ಮೊದಲು ಹಸಿಯಾಗಿ ಮಿನುಗುವ ಚುಕ್ಕೆ ನೋಡನೋಡುತ್ತ ಹೊಳಪು ಕಳೆದುಕೊಂಡು ಮಂಕಾಗುತ್ತದೆ. ಆಗ ಒಣಗಿದೆ ಎಂದರ್ಥ. ಹಸಿ ಇರುವಾಗಲೇ ಬಿಟ್ಟರೆ ದುಡಿಮೆ ನೊಣಗಳು ನೆಕ್ಕಿ ಕಿತ್ತುಬಿಡುತ್ತವೆ.

ಬರಿಗೈಯಲ್ಲಿ ಹಿಡಿಯುವವರು ರೆಕ್ಕೆ ಹಿಡಿದು ಎತ್ತಿ, ಎಡಗೈ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕಾಲುಗಳನ್ನು ಹಿಡಿದುಕೊಳ್ಳುತ್ತಾರೆ. ರಾಣಿಗೆ ಕೊಂಡಿ ಇದ್ದರೂ ಅದು ಇನ್ನೊಂದು ರಾಣಿಯ ಮೇಲೆ ಬಳಸಲು, ಮನುಷ್ಯರನ್ನು ಕುಟುಕುವುದು ತೀರಾ ಅಪರೂಪ. ಹೊಟ್ಟೆಯನ್ನು ಮಾತ್ರ ಎಂದೂ ಒತ್ತಬಾರದು. ಕೈ ಪಳಗದವರಿಗೆ ಕೊಳವೆಯೇ ಒಳ್ಳೆಯದು.

ಮರಳಿ ಬಿಡುವುದು

ರಾಣಿ ಸಿಕ್ಕಿದ ಎರಿಗೇ ಬಿಡಿ. ಮರಿ ಇರುವ ಜಾಗದಲ್ಲಿ ಕೊಳವೆಯ ಬಾಯಿಟ್ಟು ಕಾಯಿರಿ, ಅದಾಗಿ ಇಳಿದು ಹೋಗಲಿ, ಕೊಡವಬೇಡಿ. ಅರ್ಧ ನಿಮಿಷ ಗಮನಿಸಿ. ಸುತ್ತಲಿನ ನೊಣಗಳು ಮೀಸೆಯಿಂದ ಮುಟ್ಟಿ ನೋಡಿ ಜಾಗ ಬಿಟ್ಟರೆ ಎಲ್ಲವೂ ಸರಿ.

ಕೆಲವೊಮ್ಮೆ ನೊಣಗಳು ರಾಣಿಯನ್ನು ಮುತ್ತಿ ಉಂಡೆ ಕಟ್ಟುತ್ತವೆ. ತುಡುವೆ ಕಣಜವನ್ನು ಕೊಲ್ಲುವುದೂ ಹೀಗೇ ಮುತ್ತಿ, ಮೈಬಿಸಿ ಏರಿಸಿ. ತಡಮಾಡಿದರೆ ರಾಣಿ ಉಳಿಯುವುದಿಲ್ಲ. ಉಂಡೆಯ ಮೇಲೆ ನೀರು ಚಿಮ್ಮಿಸಿ, ಬಿಡದಿದ್ದರೆ ಉಂಡೆಯನ್ನೇ ಒಂದು ಬಟ್ಟಲು ನೀರಿಗೆ ಹಾಕಿ. ನೊಣಗಳು ಚದುರುತ್ತವೆ. ರಾಣಿಯನ್ನು ಪಂಜರದಲ್ಲಿ ಹಾಕಿ ಎರಡು ಮರಿ ಎರಿಗಳ ನಡುವೆ ಒಂದು ದಿನ ಇಡಿ, ಮಾರನೇ ದಿನ ಬಿಡಿ.

ಹಿಡಿಯುವಾಗ ರಾಣಿ ಹಾರಿಹೋದರೆ ಅದರ ಹಿಂದೆ ಓಡಬೇಡಿ. ಪೆಟ್ಟಿಗೆ ತೆರೆದೇ ಇರಲಿ, ನೀವು ಇದ್ದಲ್ಲೇ ನಿಲ್ಲಿ. ಬಹಳ ಸಲ ಕೆಲವು ನಿಮಿಷದಲ್ಲಿ ವಾಪಸ್ ಬರುತ್ತದೆ. ಕೊಳವೆಯೊಳಗೆ ಸತ್ತಂತೆ ಬಿದ್ದರೂ ಎದೆಗುಂದಬೇಡಿ. ಕೆಲವು ರಾಣಿಗಳು ಹಿಡಿದಾಗ ಮೂರ್ಛೆ ಹೋಗುತ್ತವೆ, ನೆರಳಲ್ಲಿ ಇಟ್ಟರೆ ಸ್ವಲ್ಪ ಹೊತ್ತಿಗೆ ಎದ್ದು ನಡೆಯುತ್ತವೆ. ರೆಕ್ಕೆಗೆ ಬಣ್ಣ ತಾಗಿದರೆ ಕೆರೆಯಲು ಹೋಗಬೇಡಿ, ಹಾಗೇ ಬಿಡಿ.

ಗುರುತು ಹಾಕುವಾಗಲೇ ರೆಕ್ಕೆಯ ತುದಿ ಕತ್ತರಿಸುವ ರೂಢಿಯೂ ಇದೆ. ರಾಣಿ ಹಾರದಿದ್ದರೆ ಕುಟುಂಬ ಹೋಗುವುದಿಲ್ಲ ಅನ್ನುವ ಲೆಕ್ಕಾಚಾರ. ತುಡುವೆಗೆ ಇದು ಬೇಡ. ಕುಟುಂಬ ಹೊರಡಲು ತೀರ್ಮಾನಿಸಿದರೆ ಹಾರಲಾಗದ ರಾಣಿ ಹುಲ್ಲಿಗೆ ಬಿದ್ದು ಇರುವೆ ಪಾಲಾಗುತ್ತದೆ, ಅಷ್ಟೇ.

ಮುಚ್ಚಿದ ಮೇಲೆ ಒಂದು ವಾರ ಪೆಟ್ಟಿಗೆ ತೆರೆಯಬೇಡಿ. ಬಾಗಿಲಲ್ಲಿ ಪರಾಗ ಒಳಗೆ ಹೋಗುತ್ತಿದ್ದರೆ ನೆಮ್ಮದಿ. ವಾರದ ನಂತರ ಒಂದು ಎರಿ ಎತ್ತಿ ನಿಂತ ಮೊಟ್ಟೆ ಕಂಡರೆ ಸಾಕು, ರಾಣಿಯನ್ನೇ ಹುಡುಕಬೇಕಾಗಿಲ್ಲ.

ಚುಕ್ಕೆ ಏನು ಹೇಳುತ್ತದೆ

ಪುಸ್ತಕ ಇಲ್ಲದಿದ್ದರೆ ಬಣ್ಣ ಅರ್ಧ ಮಾತ್ರ ಕೆಲಸ ಮಾಡುತ್ತದೆ. ಪ್ರತಿ ಪೆಟ್ಟಿಗೆಗೂ ಒಂದು ನಂಬರ್ ಕೊಡಿ. ‘ಪೆಟ್ಟಿಗೆ 3, ನೀಲಿ, ನವೆಂಬರ್ 2025, ಹಲಸಿನ ಮರದ ಪೊಟರೆಯಿಂದ, ವಯಸ್ಸು ತಿಳಿಯದು, ಸಿಟ್ಟು ಕಡಿಮೆ’ ಎಂದು ಬರೆದರೆ ಸಾಕು. ಇಷ್ಟನ್ನೇ ಮುಚ್ಚಳದ ಒಳಮೈಗೂ ಪೆನ್ಸಿಲ್‌ನಲ್ಲಿ ಬರೆಯಿರಿ, ಪುಸ್ತಕ ಕಳೆದರೂ ಅದು ಇರುತ್ತದೆ.

ಚುಕ್ಕೆಯ ರಾಣಿ ಇದೆ, ಹೊರಗೆ ಹೂವೂ ಇದೆ, ಆದರೆ ಮರಿ ಅಲ್ಲಲ್ಲಿ ಮಾತ್ರ ಅಂದರೆ ರಾಣಿ ಬದಲಿಸುವ ಕಾಲ ಬಂತು. ಚುಕ್ಕೆ ಇಲ್ಲದ ರಾಣಿ ಕಂಡಿತು, ನೊಣ ಅರ್ಧಕ್ಕೆ ಇಳಿದಿದೆ, ಎರಿಯ ಕೆಳ ಅಂಚಿನಲ್ಲಿ ಖಾಲಿ ರಾಣಿ ಕೋಶಗಳು (ರಾಣಿ ಬೆಳೆಯುವ ದೊಡ್ಡ ಗೂಡುಗಳು) ಸಾಲಾಗಿವೆ ಅಂದರೆ ಕುಟುಂಬ ಪಾಲಾಗಿದೆ. ನೊಣ ಕಡಿಮೆಯಾಗಿಲ್ಲ, ಒಂದೋ ಎರಡೋ ಕೋಶ ಮಾತ್ರ ಇದೆ ಅಂದರೆ ನೊಣಗಳೇ ಮುದಿ ರಾಣಿಯನ್ನು ಬದಲಿಸಿಕೊಂಡಿವೆ. ಯಾವ ರಾಣಿಯೂ ಇಲ್ಲ, ಒಂದೇ ಕಣದಲ್ಲಿ ಎರಡು ಮೂರು ಮೊಟ್ಟೆ ಇವೆ ಅಂದರೆ ದುಡಿಮೆ ನೊಣಗಳೇ ಮೊಟ್ಟೆ ಇಡತೊಡಗಿವೆ. ತುಡುವೆಯಲ್ಲಿ ಇದು ಬಹಳ ಬೇಗ ಶುರುವಾಗುತ್ತದೆ, ಆ ಕುಟುಂಬವನ್ನು ಬೇರೆ ಗಟ್ಟಿ ಕುಟುಂಬಕ್ಕೆ ಸೇರಿಸುವ ಯೋಚನೆ ಮಾಡಿ. ಮೊದಲ ಪಾಲಿನೊಂದಿಗೆ ಹೋಗುವುದು ಹಳೇ ರಾಣಿ. ಹಾಗಾಗಿ ಹತ್ತಿರದ ಮರದಲ್ಲಿ ಕೂತ ಹಿಂಡಿನಲ್ಲಿ ನಿಮ್ಮ ಬಣ್ಣ ಕಂಡರೆ ಅದು ಯಾವ ಪೆಟ್ಟಿಗೆಯಿಂದ ಬಂತು ಎಂದೂ ಹೇಳಬಹುದು.

ಇದಕ್ಕಿಂತ ದೊಡ್ಡ ಉಪಯೋಗ ಇನ್ನೊಂದಿದೆ. 1991-92ರಲ್ಲಿ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಕರ್ನಾಟಕಕ್ಕೆ ಬಂದಾಗ ತುಡುವೆ ಕುಟುಂಬಗಳು ಸಾಲುಸಾಲಾಗಿ ಸತ್ತವು, ಎಷ್ಟೋ ಮನೆಗಳಲ್ಲಿ ಪೆಟ್ಟಿಗೆ ಖಾಲಿಯಾಯಿತು. ರೋಗ ಈಗಲೂ ಆಗಾಗ ಕಾಣಿಸುತ್ತದೆ. ಪಕ್ಕದ ಪೆಟ್ಟಿಗೆಯಲ್ಲಿ ಮರಿ ಕೊಳೆತಾಗಲೂ ಗಟ್ಟಿಯಾಗಿ ನಿಂತ ಕುಟುಂಬ ಯಾವುದು, ಅದರ ರಾಣಿ ಯಾವುದು, ಮಳೆಗಾಲವನ್ನು ಕಡಿಮೆ ಸಕ್ಕರೆ ಪಾಕದಲ್ಲಿ ದಾಟಿದ್ದು ಯಾವುದು, ಇದನ್ನೆಲ್ಲ ಗುರುತು ಮತ್ತು ಪುಸ್ತಕ ಎರಡೂ ಇದ್ದವರು ಮಾತ್ರ ಹೇಳಬಲ್ಲರು. ಮುಂದಿನ ವರ್ಷ ಪಾಲು ಮಾಡುವಾಗ ಆ ರಾಣಿಯ ಮಕ್ಕಳನ್ನೇ ಬೆಳೆಸಿ.

ಬಣ್ಣ ವರ್ಷ ಕಳೆದ ಮೇಲೆ ಸವೆಯಬಹುದು. ಅರ್ಧ ಅಳಿಸಿದ್ದು ಕಂಡರೆ ಮಳೆಗಾಲಕ್ಕೆ ಮೊದಲು ಅದೇ ಬಣ್ಣದ ಚುಕ್ಕೆಯನ್ನು ಮತ್ತೆ ಇಡಿ. ಮುಜಂಟಿ (ಕೊಂಡಿಯಿಂದ ಕುಟುಕದ ಪುಟ್ಟ ಜೇನು) ಸಾಕುವವರು ಗುರುತು ಹಾಕಲು ಹೋಗಬಾರದು. ಅದರ ಗೂಡು ಬಿಚ್ಚಿ ರಾಣಿಯನ್ನು ಹುಡುಕುವಷ್ಟರಲ್ಲಿ ಮೇಣದ ಕಟ್ಟಡವೇ ಹಾಳಾಗುತ್ತದೆ.